ಹಕ್ಕಿ ಫೋಟೋಗೆ ಹೋದಾಗೆಲ್ಲ ಕಾಲು ನೋವಾ? ಹೊಸ ಹಗುರ ಶೂ ತಗೊಳೋ ಮುಂಚೆ ದೋಷ ಎಲ್ಲಿದೆ ಅಂತ ಹುಡ್ಕಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರೋವರೆಗೂ ನಮ್ಮಲ್ಲಿ ಕೋವಿ ಹಿಡ್ಕೊಂಡು ಕಾಡಿಗೆ ಹೋಗೋ ಮಾತೇ ಇಲ್ಲ, ಉಳಿದಿರೋದು ಕ್ಯಾಮೆರಾ ಶಿಕಾರಿ. ಆದ್ರೆ ಕಾಲಿಗೆ ಅದೇ ಕೆಲಸ ಇದು. ಬೆಳಗಿನ ಜಾವ ಇಬ್ಬನಿ ಹುಲ್ಲಲ್ಲಿ ನಡೀಬೇಕು, ಸದ್ದು ಮಾಡ್ಬಾರ್ದು, ಅರ್ಧ ಗಂಟೆ ಒಂದೇ ಕಡೆ ನಿಂತಿರ್ಬೇಕು, ಆಮೇಲೆ ಇದ್ದಕ್ಕಿದ್ದಂಗೆ ಕುಕ್ಕರಗಾಲಲ್ಲಿ ಕೂರ್ಬೇಕು, ಅದೂ ಕುತ್ತಿಗೆಗೆ ಮೂರು ಕೆಜಿ ಲೆನ್ಸು ನೇತಾಕ್ಕೊಂಡು. ಹೆಸರಘಟ್ಟದ ಹುಲ್ಲುಗಾವಲಿಗೋ, ಕನಕಪುರ ರೋಡಿನ ವ್ಯಾಲಿ ಸ್ಕೂಲ್ ಕಡೆಗೋ, ತುರಹಳ್ಳಿಗೋ ಭಾನುವಾರ ಹೋಗಿ ಬಂದೋರು ಸೋಮವಾರ ಆಫೀಸಲ್ಲಿ ಕುಂಟ್ಕೊಂಡು ಓಡಾಡೋದು ನೋಡಿದೀನಿ. ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಸರ್, ಹಗುರವಾಗಿ, ಮೆತ್ತಗಿರೋ ಒಳ್ಳೆ ಶೂ ಯಾವ್ದು ಹೇಳಿ".

ಈ ಪ್ರಶ್ನೆಗೆ ನೇರ ಉತ್ತರ ಕೊಟ್ರೆ ನಿಮ್ಮ ನಾಲ್ಕು ಸಾವಿರ ಹೋಗತ್ತೆ, ನೋವು ಅಲ್ಲೇ ಇರತ್ತೆ. ಯಾಕಂದ್ರೆ ಕಾಲಲ್ಲಿ ಎಲ್ಲಿ ನೋಯತ್ತೆ, ಯಾವಾಗ ನೋಯತ್ತೆ ಅನ್ನೋದರ ಮೇಲೆ ಬೇಕಾಗಿರೋ ಶೂ ಪೂರ್ತಿ ಬದಲಾಗತ್ತೆ, ಕೆಲವು ನೋವಿಗೆ ಮೆತ್ತನೆ ಶೂ ಔಷಧಿ, ಕೆಲವಕ್ಕೆ ಅದೇ ವಿಷ. ತೂಕ ನೋಡೋದು ಕೊನೇಗೆ.

ಮೊದಲು ಹಳೇ ಶೂ ಟೇಬಲ್ ಮೇಲಿಡಿ

ಹೊಸದು ಹುಡ್ಕೋ ಮುಂಚೆ ಈಗ ಹಾಕ್ತಿರೋ ಶೂನೇ ಸರಿಯಾಗಿ ನೋಡಿ, ಅರ್ಧ ಉತ್ತರ ಅದರಲ್ಲೇ ಇರತ್ತೆ. ಮಣ್ಣು ತೊಳೆದು, ಎರಡನ್ನೂ ಜೊತೆಗಿಟ್ಟು, ಹಿಂದ್ಗಡೆಯಿಂದ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ಹಿಮ್ಮಡಿ ಭಾಗ ಒಳಗಡೆ ವಾಲಿದ್ಯಾ, ಹೊರಗಡೆ ವಾಲಿದ್ಯಾ, ನೆಟ್ಟಗಿದ್ಯಾ? ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿರೋದು ಎಲ್ಲರಿಗೂ ಮಾಮೂಲು, ಅದಕ್ಕೆ ಹೆದರ್ಬೇಡಿ. ಶೂನೇ ಒಂದು ಕಡೆ ವಾಲಿ ನಿಂತಿದ್ರೆ ಮಾತ್ರ ಅದರ ಕೆಲಸ ಮುಗೀತು.

ಈಗ ಇನ್ಸೋಲ್, ಅಂದ್ರೆ ಶೂ ಒಳಗೆ ಅಂಗಾಲಡಿ ಇರೋ ಮೆತ್ತೆ, ಎಳೆದು ಆಚೆ ತೆಗೀರಿ. ಬೆಳಕಿಗೆ ಹಿಡಿದ್ರೆ ಬೆರಳುಗಳ ಕಪ್ಪು ಅಚ್ಚು ಕಾಣತ್ತೆ, ಹೆಬ್ಬೆರಳಿನ ಅಚ್ಚು ಇನ್ಸೋಲಿನ ತುದಿ ಮುಟ್ಟಿದ್ರೆ ಶೂ ಉದ್ದ ಸಾಲ್ತಿಲ್ಲ. ಕಿರುಬೆರಳಿನ ಅಚ್ಚು ಅಂಚಿಂದ ಆಚೆ ಹೋಗಿದ್ರೆ ಅಗಲ ಸಾಲ್ತಿಲ್ಲ, ಅಲ್ಲಿ ಮೇಲ್ಗಡೆ ಬಟ್ಟೆನೂ ಉಬ್ಬಿ ಹರಿಯೋಕೆ ಶುರುವಾಗಿರತ್ತೆ. ಅಂಗಾಲಿನ ಮುಂಭಾಗದಲ್ಲಿ ಒಂದೇ ಜಾಗದಲ್ಲಿ ಗುಳಿ ಬಿದ್ದು ಮಿಣಮಿಣ ಅಂತಿದ್ರೆ ಭಾರವೆಲ್ಲ ಅಲ್ಲೇ ಬೀಳ್ತಿದೆ.

ಇನ್ನು ಶೂ ತಳದ, ಅಂದ್ರೆ ಸೋಲಿನ ಪಕ್ಕದಲ್ಲಿರೋ ಬಿಳಿ ಫೋಮ್, ಅದನ್ನ ಹೆಬ್ಬೆಟ್ಟಲ್ಲಿ ಒತ್ತಿ. ಒತ್ತಿದ್ರೆ ತಗ್ಗಿ ವಾಪಸ್ ಬರ್ಬೇಕು. ಗಟ್ಟಿ ರಬ್ಬರ್ ಥರ ಇದ್ರೆ, ಅಡ್ಡಡ್ಡ ಗೆರೆ ತುಂಬ ಇದ್ರೆ ಆ ಫೋಮ್ ಸತ್ತಿದೆ. ಓಡೋ ಶೂಗಳು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳ್ತವೆ ಅಂತಾರೆ, ದಿನಾ ಆಫೀಸಿಗೂ ಅದೇ ಹಾಕೋರು ಒಂದು ವರ್ಷದೊಳಗೆ ಆ ಲೆಕ್ಕ ದಾಟಿರ್ತಾರೆ. ಮೇಲ್ಗಡೆ ಹೊಸದರ ಹಂಗೆ ಕಾಣ್ತಿರತ್ತೆ ಅಷ್ಟೇ.

ಅಟ್ಟದ ಮೇಲೆ ನಾಲ್ಕೈದು ವರ್ಷ ಡಬ್ಬದಲ್ಲೇ ಇಟ್ಟಿದ್ದ ಹಳೇ ಟ್ರೆಕ್ಕಿಂಗ್ ಬೂಟು ಹಾಕ್ಕೊಂಡು ಹೊರಟೋರಿಗೆ ಬೇರೆ ಥರ ಆಘಾತ ಕಾದಿರತ್ತೆ. ಪಿಯು (ಪಾಲಿಯುರೆಥೇನ್) ಫೋಮಿನ ಸೋಲು ಗಾಳಿಯ ತೇವಕ್ಕೆ ಒಳಗಿಂದೊಳಗೇ ಕೆಟ್ಟು ಪುಡಿಯಾಗತ್ತೆ, ಹಾಕದೇ ಇಟ್ರೂ ಆಗತ್ತೆ, ಬೆಟ್ಟದ ಅರ್ಧ ದಾರಿಲಿ ಸೋಲು ಕಳಚಿ ಬೀಳತ್ತೆ. ಬರೀ ಅಂಟು ಬಿಟ್ಟಿದ್ರೆ ರಿಪೇರಿಯವರ ಹತ್ರ ಸುತ್ತ ಹೊಲಿಗೆ ಹಾಕಿಸ್ಬಹುದು, ಪುಡಿ ಉದುರ್ತಿದ್ರೆ ಹೊಲಿಗೆ ದುಡ್ಡೂ ದಂಡ.

ಹಿಮ್ಮಡಿ ನೋವು

ಬೆಂಗಳೂರಲ್ಲಿ ಕೇಳೋದೆಲ್ಲ ಇದೇ ಜಾಸ್ತಿ. ಇಲ್ಲಿ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಬೆಳಿಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲಿಟ್ಟ ಮೊದಲ ನಾಲ್ಕು ಹೆಜ್ಜೆ ಹೇಗಿರತ್ತೆ?

ಮೊಳೆ ಚುಚ್ಚಿದಂಗೆ ನೋವಾಗಿ, ಬಾತ್‌ರೂಮಿಗೆ ಹೋಗಿ ಬರೋಷ್ಟರಲ್ಲಿ ಕಮ್ಮಿಯಾಗಿ, ಮತ್ತೆ ಸಂಜೆ ಹೊತ್ತಿಗೆ ಅಥವಾ ತುಂಬ ಹೊತ್ತು ಕೂತು ಎದ್ದಾಗ ಬಂದ್ರೆ ಅದು ಹೆಚ್ಚಾಗಿ ಪ್ಲಾಂಟರ್ ಫ್ಯಾಸೈಟಿಸ್. ಹಿಮ್ಮಡಿಯ ಮುಂದೆ, ಸ್ವಲ್ಪ ಒಳಮಗ್ಗುಲಿಗೆ ಒತ್ತಿದ್ರೆ ಜೀವ ಹೋಗತ್ತೆ. ಅಂಗಾಲಿನ ಉದ್ದಕ್ಕೂ ಇರೋ ದಪ್ಪ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟ್ಕೊಂಡಿರೋ ಜಾಗ ಅದು. ಇದಕ್ಕೆ ಶೂ ಮಾತ್ರ ಕಾರಣ ಅಂತ ಹೇಳೋಕಾಗಲ್ಲ, ನಮ್ಮ ಮನೆ ನೆಲಾನೂ ಪಾಲುದಾರ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಬರಿಗಾಲಲ್ಲಿ ನಿಂತು, ವಾರಕ್ಕೊಂದಿನ ಎರಡು ಸಾವಿರ ರೂಪಾಯಿ ಇನ್ಸೋಲ್ ಹಾಕಿದ್ರೆ ಏನು ಪ್ರಯೋಜನ. ಮನೆ ಒಳಗೆ ಹಾಕೋಕೆ ಅಂತಲೇ ಒಂದು ಜೊತೆ ಚಪ್ಪಲಿ ಇಟ್ಕೊಳ್ಳಿ, ಅತ್ತೆ ಮನೆಯವರು ಏನಾದ್ರೂ ಅಂದ್ಕೊಳ್ಳಲಿ.

ಈ ನೋವಿಗೆ ಬೇಕಾಗಿರೋ ಶೂ: ಹಿಮ್ಮಡಿ ಬೆರಳುಗಳಿಗಿಂತ 8ರಿಂದ 12 ಮಿಲಿಮೀಟರ್ ಎತ್ತರ ಇರ್ಬೇಕು, ನಡುಭಾಗ ತಿರುಚಿದ್ರೆ ತಿರುಚಬಾರ್ದು, ಹಿಮ್ಮಡಿ ಹಿಡಿಯೋ ಬಟ್ಟಲು ಬೆರಳಲ್ಲಿ ಒತ್ತಿದ್ರೆ ಮಡಚಬಾರ್ದು. ಅಂಗಡಿಲಿ ಹಾಕಿದ ತಕ್ಷಣ ಮೋಡದ ಮೇಲೆ ನಿಂತಂಗೆ ಅನ್ಸೋ, ಕೈಯಲ್ಲಿ ಸುರುಳಿ ಸುತ್ತೋಕೆ ಬರೋ ಶೂನೇ ಇವ್ರಿಗೆ ಅಪಾಯ, ಯಾಕಂದ್ರೆ ಅದರಲ್ಲಿ ಪ್ರತಿ ಹೆಜ್ಜೆಗೂ ಪಾದ ಒಳಗೆ ಕುಸಿದು ಅದೇ ಪಟ್ಟಿ ಮತ್ತೆ ಎಳೆಯತ್ತೆ. ಬರಿಗಾಲಿನ ಥರ ಚಪ್ಪಟೆ ಇರೋ ಜೀರೋ ಡ್ರಾಪ್ ಶೂಗಳ ಬಗ್ಗೆ ಯೂಟ್ಯೂಬಲ್ಲಿ ಭಾರಿ ಹೊಗಳಿಕೆ ಇದೆ, ನೋವಿರೋವಾಗ ಅದರ ತಂಟೆಗೆ ಹೋಗ್ಬೇಡಿ.

ಜೊತೆಗೆ ಏಳೋ ಮುಂಚೆ ಹಾಸಿಗೆ ಮೇಲೇ ಬೆರಳುಗಳನ್ನ ಮೊಣಕಾಲ ಕಡೆ ಎಳೆದು ಹತ್ತು ಎಣಿಸಿ, ಹತ್ತು ಸಲ. ಸಂಜೆ ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೀರಿ. ನೀರು ತುಂಬಿ ಫ್ರೀಜರಲ್ಲಿಟ್ಟ ಪ್ಲಾಸ್ಟಿಕ್ ಬಾಟ್ಲಿ ಅಂಗಾಲಡಿ ಉರುಳಿಸಿ. ಇದು ವಾರದಲ್ಲಿ ಹೋಗೋ ನೋವಲ್ಲ, ತಿಂಗಳುಗಟ್ಟಲೆ ತಗೊಳತ್ತೆ, ಅದಕ್ಕೇ ಜನ ಮಧ್ಯದಲ್ಲಿ ಬಿಟ್ಟು ಇನ್ನೊಂದು ಶೂ ಕೊಂಡ್ಕೊತಾರೆ.

ನೋವು ಹಿಮ್ಮಡಿಯ ಸರಿ ಮಧ್ಯದಲ್ಲಿದ್ದು, ಬೆಳಿಗ್ಗೆ ವಿಶೇಷ ಏನೂ ಇಲ್ದೆ, ಸಾವನದುರ್ಗದ ಥರ ಬರೀ ಬಂಡೆ ಮೇಲೆ ನಡೆದಾಗ ಜಾಸ್ತಿ ಆಗ್ತಿದ್ರೆ ಅದು ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆದಿರೋದು. ವಯಸ್ಸಾದೋರಿಗೆ, ತೂಕ ಜಾಸ್ತಿ ಇರೋರಿಗೆ ಬರತ್ತೆ. ಇಲ್ಲಿ ಮಾತ್ರ ಮೆತ್ತನೆ, ದಪ್ಪ ಫೋಮಿನ ಶೂ ನಿಜವಾಗಲೂ ಕೆಲಸ ಮಾಡತ್ತೆ. ಹಿಮ್ಮಡಿ ಹಿಂದ್ಗಡೆ ದಪ್ಪ ಸ್ನಾಯುರಜ್ಜಿನ ಹತ್ರ ಉಜ್ಜಿ ನೋವಾದ್ರೆ ಶೂ ಕಾಲರ್, ಅಂದ್ರೆ ಹಿಂದಿನ ಮೇಲಂಚು ನೋಡಿ, ಗಟ್ಟಿ ಅಂಚಿದ್ರೆ ಅದೇ ಕಳ್ಳ.

ಅಂಗಾಲಿನ ಮುಂಭಾಗ, ಬೆರಳುಗಳು

ಇಲ್ಲಿ ಮುಕ್ಕಾಲು ಪಾಲು ದೋಷ ಅಗಲದ್ದು. ಚೆನ್ನೈನ ಸಿಎಲ್‌ಆರ್‌ಐ, ಅಂದ್ರೆ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ, 2021-22ರಲ್ಲಿ ದೇಶದ ಬೇರೆ ಬೇರೆ ಕಡೆ 1 ಲಕ್ಷಕ್ಕೂ ಜಾಸ್ತಿ ಜನರ ಪಾದ ಅಳತೆ ಮಾಡಿತು, ನಮ್ಮೋರ ಪಾದ ಯುರೋಪ್, ಅಮೆರಿಕದೋರಿಗಿಂತ ಅಗಲ ಅಂತ ಗೊತ್ತಾಯ್ತು. ನಾವು ಇಷ್ಟು ವರ್ಷ ಹಾಕ್ತಿರೋದು ಅವರ ಅಚ್ಚಿನ ಶೂ. ಅಗಲ ಸಾಲಲ್ಲ ಅಂತ ಒಂದು ಸೈಜ್ ದೊಡ್ಡದು ತಗೋತೀವಿ, ಆಗ ಉದ್ದ ಜಾಸ್ತಿಯಾಗಿ ಶೂ ಮಡಚೋ ಜಾಗ ನಮ್ಮ ಪಾದ ಮಡಚೋ ಜಾಗಕ್ಕೆ ಕೂರಲ್ಲ, ಹಿಮ್ಮಡಿ ಒಳಗೆ ಜಾರಿ ಬೊಬ್ಬೆ ಬರತ್ತೆ. ಒಂದು ತೊಂದ್ರೆ ಹೋಗಿ ಎರಡು ಬಂತು.

ಮೂರನೇ, ನಾಲ್ಕನೇ ಬೆರಳ ಮಧ್ಯೆ ಉರಿ, ಕರೆಂಟ್ ಹೊಡೆದಂಗೆ, ಶೂ ಬಿಚ್ಚಿ ಬೆರಳು ನೀವಿಕೊಂಡ್ರೆ ತಕ್ಷಣ ಹಾಯ್ ಅನ್ಸತ್ತೆ ಅಂದ್ರೆ ಬೆರಳುಗಳ ನಡುವಿನ ನರ ಹಿಸುಕ್ತಿದೆ. ಮುಂದೆ ಅಗಲ ಇರೋ ಶೂಗೆ ಬದಲಾಯಿಸಿದ್ರೆ ಎಷ್ಟೋ ಜನಕ್ಕೆ ಅರ್ಧಕ್ಕರ್ಧ ಕಮ್ಮಿ ಆಗತ್ತೆ. ನರ ಅಲ್ಲ, ಪೂರ್ತಿ ಮುಂಭಾಗ ಕಲ್ಲಿನ ಮೇಲೆ ನಡೆದಂಗೆ ಅಂದ್ರೆ ಇನ್ಸೋಲ್ ಮೇಲೆ ಅಂಟಿಸೋ ಮೆಟಟಾರ್ಸಲ್ ಪ್ಯಾಡ್ ಅನ್ನೋ ಚಿಕ್ಕ ಮೆತ್ತೆ ಸಿಗತ್ತೆ, ಆದ್ರೆ ಅದನ್ನ ನೋಯೋ ಜಾಗದ ಕೆಳಗೇ ಅಂಟಿಸೋರೇ ಜಾಸ್ತಿ. ಅದು ನೋವಿರೋ ಜಾಗಕ್ಕಿಂತ ಸ್ವಲ್ಪ ಹಿಂದೆ ಇರ್ಬೇಕು, ಮೂಳೆಗಳನ್ನ ಹಿಂದಿನಿಂದ ಎತ್ತಿ ಹಿಡಿಯೋಕೆ.

ಹೆಬ್ಬೆರಳಿನ ಬುಡದ ಗಂಟು ನೋಯೋದು ಫೋಟೋಗ್ರಾಫರ್‌ಗಳಿಗೆ ಸ್ಪೆಷಲ್. ನೆಲದ ಹಕ್ಕಿ ಸಿಕ್ಕಿದ್ರೆ ಕುಕ್ಕರಗಾಲಲ್ಲಿ ಕೂತು ಭಾರವೆಲ್ಲ ಹೆಬ್ಬೆರಳ ಮೇಲೆ ಬಿಟ್ಟು ಇಪ್ಪತ್ತು ನಿಮಿಷ ಹಂಗೇ ಇರ್ತಾರಲ್ಲ, ಆ ಗಂಟು ಬಿಗಿ ಆಗಿರೋರಿಗೆ ಅದೇ ಸಾಕು. ಇವ್ರಿಗೆ ಮುಂಭಾಗ ಮಡಚೋಕೇ ಬರ್ದಷ್ಟು ಗಟ್ಟಿ ಇದ್ದು, ತುದಿ ಮೇಲಕ್ಕೆ ಬಾಗಿರೋ ಸೋಲ್ ಬೇಕು, ಜಾಹೀರಾತಲ್ಲಿ ಎರಡು ಬೆರಳಲ್ಲಿ ಮಡಚಿ ತೋರಿಸ್ತಾರಲ್ಲ ಅದರ ಉಲ್ಟಾ. ಜೊತೆಗೊಂದು ಮಡಚೋ ಸ್ಟೂಲ್ ತಗೊಂಡೋಗಿ, ಅರ್ಧ ಕೆಜಿ ಬರಲ್ಲ. ಒಂದೇ ರಾತ್ರೀಲಿ ಅದೇ ಗಂಟು ಕೆಂಪಾಗಿ, ಬಿಸಿಯಾಗಿ, ಬೆಡ್‌ಶೀಟ್ ತಾಗಿದ್ರೂ ಕಿರುಚೋ ಹಂಗಾದ್ರೆ ಅದು ಗೌಟ್ (ಯೂರಿಕ್ ಆಸಿಡ್ ಜಾಸ್ತಿಯಾಗಿ ಬರೋ ಸಂಧಿವಾತ) ಇರ್ಬಹುದು, ಶೂ ಅಂಗಡಿ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ಇಳಿಯೋವಾಗ ಮಾತ್ರ ಬೆರಳ ತುದಿ ನೋವು, ಉಗುರು ಕಪ್ಪು? ಶೂ ಬದಲಾಯಿಸ್ಬೇಡಿ ಮೊದಲು, ಲೇಸ್ ಬದಲಾಯಿಸಿ. ಮೇಲ್ಗಡೆ ಕಣಕಾಲ ಹತ್ರ ಒಂದು ಎಕ್ಸ್‌ಟ್ರಾ ತೂತು ಇರತ್ತೆ, ಯಾರೂ ಬಳಸಲ್ಲ. ಅದೇ ಪಕ್ಕದ ಆ ತೂತಲ್ಲಿ ಲೇಸ್ ತೂರಿಸಿ ಚಿಕ್ಕ ಕುಣಿಕೆ ಬಿಡಿ, ಆ ಕಡೆನೂ ಹಂಗೇ ಮಾಡಿ, ಈಗ ಎರಡೂ ತುದಿ ಅಡ್ಡ ಹಾಯಿಸಿ ಎದುರು ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂತ್ಕೊಳತ್ತೆ, ಪಾದ ಮುಂದೆ ಜಾರಲ್ಲ. ಉಗುರೂ ಕತ್ತರಿಸ್ಕೊಳ್ಳಿ ಮಹರಾಯ್ರೇ. ಪಾದದ ಮೇಲ್ಭಾಗ ನೋಯೋರು ಇದರ ಉಲ್ಟಾ, ನೋಯೋ ಜಾಗದಲ್ಲಿ ಅಡ್ಡ ಲೇಸ್ ಹಾಕ್ದೆ ಒಂದು ತೂತು ಬಿಟ್ಟು ನೇರ ಮೇಲಕ್ಕೆ ಒಯ್ದು ಕಟ್ಟಿ.

ಶೂ ವಿಷ್ಯಾನೇ ಅಲ್ದೇ ಇರೋದು

ಒಂದು ಬೆರಳಲ್ಲಿ ಮುಟ್ಟಿ ತೋರಿಸೋ ಹಂಗೆ ಮೂಳೆ ಮೇಲೆ ಒಂದೇ ಚುಕ್ಕೆ ನೋವು, ದಿನಾ ಜಾಸ್ತಿ ಆಗ್ತಿದೆ, ಊತ ಇದೆ, ರಾತ್ರಿ ಸುಮ್ನೆ ಮಲಗಿದ್ರೂ ನೋಯತ್ತೆ ಅಂದ್ರೆ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಮೂಳೆಯಲ್ಲಿ ಸಣ್ಣ ಬಿರುಕು ಇರ್ಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಲಿ ಕಾಣ್ದೇನೂ ಇರ್ಬಹುದು, "ಎಕ್ಸ್‌ರೇ ನಾರ್ಮಲ್" ಅಂದ್ರು ಅಂತ ಮುಂದಿನ ಭಾನುವಾರ ಮತ್ತೆ ಹೊರಡ್ಬೇಡಿ, ನೋವು ಹಂಗೇ ಇದ್ರೆ ಮತ್ತೆ ತೋರಿಸಿ. ಸಕ್ಕರೆ ಕಾಯಿಲೆ ಇರೋರು ಪಾದದಲ್ಲಿ ಜೋಮು, ಸ್ಪರ್ಶ ಗೊತ್ತಾಗದೇ ಇರೋದು ಇದ್ರೆ "ಹಾಕ್ಕೊಂಡ್ರೆ ಆರಾಮಾಗಿದೆ" ಅನ್ನೋ ನಿಮ್ಮ ಅನಿಸಿಕೆನ ನಂಬೋ ಹಂಗಿಲ್ಲ. ಹಾಕೋ ಮುಂಚೆ ಪ್ರತಿ ಸಲ ಶೂ ಒಳಗೆ ಕೈ ಆಡಿಸಿ, ವಾಪಸ್ ಬಂದಮೇಲೆ ಅಂಗಾಲನ್ನ ಕಣ್ಣಲ್ಲಿ ನೋಡಿ, ಕಾಣದಿದ್ರೆ ಮನೆಯವರಿಗೆ ತೋರಿಸಿ.

ಈಗ ತೂಕದ ವಿಚಾರ

ಕಾಲಿಗೆ ಕಟ್ಟಿದ ತೂಕ ಬೆನ್ನಿಗೆ ಹಾಕಿದ ತೂಕಕ್ಕಿಂತ ಜಾಸ್ತಿ ಸುಸ್ತು ಮಾಡತ್ತೆ, ಪ್ರತಿ ಹೆಜ್ಜೆಗೂ ಎತ್ತಿ ಬೀಸ್ಬೇಕಲ್ಲ. ಓಡೋರಲ್ಲಿ ಶೂಗೆ 100 ಗ್ರಾಂ ಸೇರಿದ್ರೆ ಸುಮಾರು 1 ಪರ್ಸೆಂಟ್ ಶಕ್ತಿ ಜಾಸ್ತಿ ಬೇಕು ಅಂತ ಅಳೆದಿದಾರೆ. ನಮ್ಮ ಲೆಕ್ಕದಲ್ಲಿ ನೋಡಿ: 5 ಕಿಲೋಮೀಟರ್ ನಡಿಗೆಯಲ್ಲಿ ಒಂದೊಂದು ಕಾಲು ಹತ್ತಿರ ಹತ್ತಿರ 3,300 ಸಲ ಏಳತ್ತೆ, ಶೂ 300 ಗ್ರಾಂ ಜಾಸ್ತಿ ಇದ್ರೆ ಒಂದು ಕಾಲು ಕೂಡಿಸಿ ಒಂದು ಟನ್ ಹತ್ರ ಎಕ್ಸ್‌ಟ್ರಾ ಎತ್ತಿರತ್ತೆ. ಚರ್ಮದ ಎತ್ತರ ಬೂಟು ಒಂದೊಂದು 600-700 ಗ್ರಾಂ ಬರೋದು ಮಾಮೂಲು, ಕಾಡುದಾರಿಲಿ ಓಡೋಕೆ ಮಾಡಿರೋ ಟ್ರೇಲ್ ರನ್ನಿಂಗ್ ಶೂ 250ರಿಂದ 350. ಆದ್ದರಿಂದ ಹಗುರ ಬೇಕು ಅನ್ನೋದು ಸರಿನೇ, ಆದ್ರೆ ಮೇಲೆ ಹೇಳಿದ ಬಿಗಿ, ಅಗಲ, ಹಿಮ್ಮಡಿ ಬಟ್ಟಲು ಇದೆಲ್ಲ ಪಾಸಾದ ಶೂಗಳಲ್ಲಿ ಹಗುರದ್ದು ಆರಿಸಿ. 50 ಗ್ರಾಂ ಉಳಿಸೋಕೆ ತೆಳ್ಳಗಿನ ಸೋಲ್ ತಗೊಂಡ್ರೆ ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ನೇರ ಅಂಗಾಲಿಗೆ ಬರತ್ತೆ, ಬೆಂಗಳೂರು ಸುತ್ತಮುತ್ತ ಕುರುಚಲು ಕಾಡಲ್ಲಿ ಅದಕ್ಕೇನೂ ಬರಗಾಲ ಇಲ್ಲ.

ಹಾವಿನ ಪ್ರಶ್ನೆ ಬಂದೇ ಬರತ್ತೆ. ಹೆಸರಘಟ್ಟದ ಥರ ಹುಲ್ಲಲ್ಲಿ ಕೊಳಕುಮಂಡಲ ಇರತ್ತೆ, ಕಡಿತ ಜಾಸ್ತಿ ಆಗೋದು ಪಾದ, ಕಣಕಾಲು ಭಾಗಕ್ಕೇ. ಹಂಗಂತ ಹಿಮ್ಮಡಿ ನೋವಿರೋರು ಗಮ್‌ಬೂಟ್ ಹಾಕಿದ್ರೆ ಒಳಗೆ ಪಾದ ತೇಲಾಡತ್ತೆ, ಬೆವರಿ ಬೊಬ್ಬೆ ಬರತ್ತೆ. ಗಿಡ್ಡ ಹಗುರ ಶೂ ಮೇಲೆ ಮಂಡಿವರೆಗೂ ಬರೋ ದಪ್ಪ ಬಟ್ಟೆ ಗೇಟರ್ ಕಟ್ಟಿ, ಕತ್ತಲಲ್ಲಿ ಟಾರ್ಚ್ ಹಿಡೀರಿ, ಕಾಲುದಾರಿ ಬಿಟ್ಟು ಎತ್ತರ ಹುಲ್ಲಿಗೆ ನುಗ್ಗಬೇಡಿ. ಗೇಟರ್ ಕಟ್ಟಿದ್ರೆ ಕಚ್ಚೋದೇ ಇಲ್ಲ ಅಂತಲ್ಲ, ಕಚ್ಚಿದ್ರೆ ಕಾಲು ಅಲ್ಲಾಡಿಸ್ದೆ ನೇರ ದೊಡ್ಡಾಸ್ಪತ್ರೆಗೆ. ಮಳೆಗಾಲದಲ್ಲಿ ಮಲೆನಾಡಿಗೆ ಹೋದ್ರೆ ಇಂಬಳ ತಡೆಯೋಕೆ ಇಂಬಳದ ಸಾಕ್ಸ್ ಹಾಕಿ, ಹಾವಿಗೆ ಅದು ಸಾಕಾಗಲ್ಲ.

ವಾಟರ್‌ಪ್ರೂಫ್ ಬೇಕಾ? ನನ್ನ ಪ್ರಕಾರ ಇಲ್ಲಿನ ಹವಾಗೆ ಬೇಡ. ಒಳಗೆ ಬೆವರತ್ತೆ, ಮೇಲಿಂದ ಒಂದ್ಸಲ ನೀರು ನುಗ್ಗಿದ್ರೆ ಎರಡು ದಿನ ಆರಲ್ಲ, ತೂಕನೂ ಜಾಸ್ತಿ. ಜಾಳಿಗೆ ಬಟ್ಟೆ ಶೂ ಇಬ್ಬನಿಗೆ ಹತ್ತು ನಿಮಿಷದಲ್ಲಿ ನೆನೆಯತ್ತೆ ನಿಜ, ಬಿಸಿಲು ಬಂದಮೇಲೆ ಬೇಗ ಆರತ್ತೆ. ಬ್ಯಾಗಲ್ಲಿ ಒಂದು ಜೊತೆ ಒಣ ಸಾಕ್ಸ್ ಇರ್ಲಿ, ಹತ್ತಿದು ಬೇಡ, ಉಣ್ಣೆ ಮಿಕ್ಸ್ ಅಥವಾ ಸಿಂಥೆಟಿಕ್.

ಅಂಗಡಿಯಲ್ಲಿ

ಸಂಜೆ ಹೋಗಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರತ್ತೆ, ಕಾಡಲ್ಲೂ ಊದತ್ತೆ. ನಿಮ್ಮ ಸಾಕ್ಸ್, ನಿಮ್ಮ ಇನ್ಸೋಲ್ ತಗೊಂಡೋಗಿ. ಮುಂಚೆನೇ ಮನೇಲಿ ಎ4 ಹಾಳೆ ಮೇಲೆ ನಿಂತು ಎರಡೂ ಪಾದದ ಗೆರೆ ಎಳೆಸಿ ಕತ್ತರಿಸಿ ಇಟ್ಕೊಳ್ಳಿ, ಅಂಗಡಿಯಲ್ಲಿ ಶೂ ಇನ್ಸೋಲ್ ತೆಗೆದು ಅದರ ಮೇಲೆ ಈ ಕಾಗದ ಇಡಿ, ಕಾಗದ ಆಚೆ ಚಾಚಿದ್ರೆ ಆ ಶೂ ಹಾಕಿ ನೋಡೋದೂ ಬೇಡ. ಬ್ರ್ಯಾಂಡಿಂದ ಬ್ರ್ಯಾಂಡಿಗೆ ಎಂಟನೇ ನಂಬರ್ ಬೇರೆ ಬೇರೆ ಇರತ್ತೆ, ಸೆಂಟಿಮೀಟರ್ ಅಳತೆ ನಂಬಿ.

ಮಾರೋ ಹುಡುಗ "ಹಾಕ್ತಾ ಹಾಕ್ತಾ ಲೂಸ್ ಆಗತ್ತೆ ಸರ್" ಅಂತಾನೆ. ಚರ್ಮ ಸ್ವಲ್ಪ ಬಿಡತ್ತೆ, ಸಿಂಥೆಟಿಕ್ ಬಿಡಲ್ಲ. "ಇಲ್ಲಪ್ಪ, ಈಗ್ಲೇ ಸರಿ ಇರ್ಬೇಕು" ಅಂತ ಹೇಳಿ ಮುಂದಿನದು ತರ್ಸಿ. ಹಿಮ್ಮಡಿ ಹಿಂದಕ್ಕೆ ಕೂರಿಸಿ ನಿಂತಾಗ ಮುಂದೆ ಹೆಬ್ಬೆಟ್ಟಿನಗಲ ಜಾಗ ಇರ್ಬೇಕು. ಇಳಿಜಾರು ಹಲಗೆ ಇಲ್ಲದಿದ್ರೆ ಅಂಗಡಿ ಮೆಟ್ಟಿಲು ಇಳೀರಿ, ಬೆರಳು ಮುಂದೆ ತಾಗಿದ್ರೆ ಬೇಡ. ಕ್ಯಾಮೆರಾ ಬ್ಯಾಗ್ ಹೆಗಲಿಗೆ ಹಾಕ್ಕೊಂಡೇ ಕುಕ್ಕರಗಾಲಲ್ಲಿ ಎರಡು ನಿಮಿಷ ಕೂತು ನೋಡಿ, ಯಾರು ನೋಡಿದ್ರೂ ಪರ್ವಾಗಿಲ್ಲ. ಹಂಗೇ ನಡೀತಾ ಕಿವಿ ಕೊಡಿ, ಒದ್ದೆ ಟೈಲ್ಸ್ ಮೇಲೆ ಕೀಚ್ ಕೀಚ್ ಅನ್ನೋದು, ಬಟ್ಟೆ ಸರಸರ ಅನ್ನೋದು ಇದ್ರೆ ಹಕ್ಕಿ ನಿಮಗಿಂತ ಮುಂಚೆ ಕೇಳಿಸ್ಕೊಂಡಿರತ್ತೆ.

ತಂದಮೇಲೆ ಬಿಲ್ಲು, ಡಬ್ಬ ಬಿಸಾಕ್ಬೇಡಿ. ಮೂರ್ನಾಲ್ಕು ದಿನ ಮನೆ ಒಳಗೇ ಸಂಜೆ ಒಂದೊಂದು ಗಂಟೆ ಹಾಕ್ಕೊಂಡು ಓಡಾಡಿ, ಸೋಲಿಗೆ ಮಣ್ಣು ಹತ್ತಿದ್ರೆ ವಾಪಸ್ ತಗೊಳಲ್ಲ. ಎಲ್ಲೂ ಕೆಂಪು ಗುರುತು ಬೀಳದಿದ್ರೆ ಲಾಲ್‌ಬಾಗ್ ಒಂದು ಸುತ್ತು, ಆಮೇಲೆ ತುರಹಳ್ಳಿ, ಬಂಡೆ ಬೆಟ್ಟಗಳು ಅದಾದ ಮೇಲೆ. ಕೆಂಪು ಗುರುತು ಬಿದ್ರೆ ಯಾವ ಜಾಗ ಅಂತ ಫೋಟೋ ತೆಗೆದಿಟ್ಕೊಂಡು ಎಕ್ಸ್‌ಚೇಂಜ್ ದಿನ ಮುಗಿಯೋದ್ರೊಳಗೆ ಅಂಗಡಿಗೆ ಹೋಗಿ.